ಹಳ್ಳಿಗೆ ನೀರು ಕೊಟ್ಟು, ಅಧಿಕಾರವನ್ನೂ ಕೊಟ್ಟ ನಜೀರ್ ಸಾಬ್

ಪಂಚಾಯಿತಿ ಸದಸ್ಯರಿಗೆ ತರಬೇತಿ ನೀಡುವ ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಅಬ್ದುಲ್ ನಜೀರ್ ಸಾಬ್ ಅವರ ಹೆಸರನ್ನು ಹೊತ್ತಿದೆ. ಆ ಹೆಸರಿನ ಹಿಂದಿರುವ ಬದುಕನ್ನು ನಮ್ಮ ವಿದ್ಯಾರ್ಥಿಗಳು ಅರಿಯಬೇಕು.

ನಜೀರ್ ಸಾಬ್ ಗುಂಡ್ಲುಪೇಟೆಯವರು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ಜನತಾ ಸರ್ಕಾರ ಬಂದಾಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯ ಹೊಣೆ ಹೊತ್ತರು. ಅವು ಬರಗಾಲದ ವರ್ಷಗಳು. ಹೆಣ್ಣುಮಕ್ಕಳು ಕೊಡ ಹೊತ್ತು ಮೈಲುಗಟ್ಟಲೆ ನಡೆಯುತ್ತಿದ್ದ ಕಾಲದಲ್ಲಿ ಅವರು ಹಳ್ಳಿಹಳ್ಳಿಯಲ್ಲಿ ಕೊಳವೆಬಾವಿ ಕೊರೆಸಿ ಕೈಪಂಪು ಹಾಕಿಸಿದರು. ಜನರು ಪ್ರೀತಿಯಿಂದ ಅವರನ್ನು ನೀರ್ ಸಾಬ್ ಎಂದು ಕರೆದರು.

ಆದರೆ ಪಂಪು ಹಾಕಿಸಿದರಷ್ಟೇ ಸಾಲದು. ಅದು ಕೆಟ್ಟಾಗ ರಿಪೇರಿಗೆ ಬೆಂಗಳೂರಿನ ಅಪ್ಪಣೆಗೆ ಕಾಯಬೇಕಾದರೆ ಊರಿನ ಬಾಯಾರಿಕೆ ತೀರುವುದೆಂತು? ಶಾಲೆ, ಆಸ್ಪತ್ರೆ, ರಸ್ತೆಗಳ ಪಾಡೂ ಇದೇ. ಇದಕ್ಕೆ ಉತ್ತರವಾಗಿ ಬಂದದ್ದೇ 1983ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಾಯ್ದೆ. ರಾಷ್ಟ್ರಪತಿಗಳ ಅಂಕಿತ ದೊರೆತದ್ದು 1985ರಲ್ಲಿ. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನ ಮೀಸಲಾಯಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ದೊರೆಯಿತು. ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ, ಕುಡಿಯುವ ನೀರು ಮುಂತಾದ ಕೆಲಸಗಳು ಹಣ ಮತ್ತು ನೌಕರರ ಸಮೇತ ಜಿಲ್ಲೆಗೆ ಇಳಿದವು. ಊರಿನ ಮತದಾರರೆಲ್ಲ ಸೇರಿ ಲೆಕ್ಕ ಕೇಳಲು ಗ್ರಾಮಸಭೆಯ ಅವಕಾಶವೂ ಬಂತು.

ಇದು ಸುಲಭದ ಮಾತಾಗಿರಲಿಲ್ಲ. ಅಧಿಕಾರ ಕೈಜಾರುವುದನ್ನು ಶಾಸಕರಾಗಲಿ, ಇಲಾಖೆಗಳಾಗಲಿ ಮನಸಾರೆ ಒಪ್ಪುವುದು ಕಷ್ಟ. ಚುನಾವಣೆಯಲ್ಲಿ ಕೆಲವು ಜಿಲ್ಲಾ ಪರಿಷತ್ತುಗಳು ವಿರೋಧ ಪಕ್ಷದ ಕೈಸೇರಿದವು. ಸಚಿವರಾಗಿದ್ದೂ ತಮ್ಮ ಕೈಯಲ್ಲಿದ್ದ ಅಧಿಕಾರವನ್ನು ತಾವೇ ಹಂಚಿದ್ದು ನಜೀರ್ ಸಾಬರ ದೊಡ್ಡತನ.

ತಾವು ನೆಟ್ಟ ಗಿಡ ಬೆಳೆದುದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ಕ್ಯಾನ್ಸರಿಗೆ ತುತ್ತಾಗಿ 1988ರಲ್ಲಿ ತೀರಿಕೊಂಡರು. 1992ರಲ್ಲಿ ಆ ಸಂಸ್ಥೆಗಳ ಅವಧಿ ಮುಗಿದಾಗ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳು ಬಂದು ಕೂತರು. ರಾಜ್ಯ ಸರ್ಕಾರದ ಮರ್ಜಿಯ ಮೇಲೆ ನಿಂತ ಪಂಚಾಯಿತಿ ಎಷ್ಟು ದುರ್ಬಲವೆಂಬುದು ಆಗ ಸ್ಪಷ್ಟವಾಯಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಐದು ವರ್ಷಕ್ಕೊಮ್ಮೆ ಚುನಾವಣೆಯನ್ನು ಕಡ್ಡಾಯ ಮಾಡಿತು. ಮಹಿಳೆಯರಿಗೆ ಕನಿಷ್ಠ ಮೂರನೇ ಒಂದು ಭಾಗ ಸ್ಥಾನ ನೀಡಿತು. ಅದೇ ವರ್ಷ ಕರ್ನಾಟಕದಲ್ಲಿ ಹೊಸ ಪಂಚಾಯತ್ ರಾಜ್ ಕಾಯ್ದೆಯೂ ಬಂತು. ಆದರೂ ಚುನಾವಣೆ ಮುಂದೂಡುವ ಚಾಳಿ ಇನ್ನೂ ಪೂರ್ತಿ ಹೋಗಿಲ್ಲ.

ಕಾನೂನು ಬಾಗಿಲು ತೆರೆಯಬಲ್ಲದು, ಒಳಗೆ ಕಾಲಿಡಬೇಕಾದವರು ನಾವು. ಓದು ಬರಹ ಕಲಿತ ಪ್ರತಿಯೊಬ್ಬ ಯುವಕ ಯುವತಿಯೂ ತಮ್ಮೂರಿನ ಗ್ರಾಮಸಭೆಗೆ ಹೋಗಿ, ಶಾಲೆಯ ಮತ್ತು ನೀರಿನ ಲೆಕ್ಕ ಕೇಳಿದರೆ ಅದೇ ನೀರ್ ಸಾಬರಿಗೆ ಸಲ್ಲಿಸುವ ನಿಜವಾದ ಗೌರವ.