ತ್ರಿವೇಣಿ: ಬರೆದದ್ದು ಹತ್ತು ವರ್ಷ, ಉಳಿದದ್ದು ಅರವತ್ತು ವರ್ಷ



ಈ ಸಲದ ವಾರ್ಷಿಕ ಸಂಚಿಕೆಗೆ ಕನ್ನಡದ ಹಿರಿಯರೊಬ್ಬರ ಜೀವನ ಬರೆದುಕೊಡಿ ಅಂತ ಸಂಪಾದಕರು ಕೇಳಿದಾಗ ನಾನು ಹೆಚ್ಚು ಯೋಚನೆ ಮಾಡದೆ ತ್ರಿವೇಣಿ ಅಂದುಬಿಟ್ಟೆ. ನಾನು ಓದಿದ್ದು ಸರ್ಕಾರಿ ಐಟಿಐ, ಎಲೆಕ್ಟ್ರಿಷಿಯನ್ ಟ್ರೇಡ್. ಸಾಹಿತ್ಯದ ಪಾಠ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಅಮ್ಮ ಬಾಡಿಗೆ ಲೈಬ್ರರಿಯಿಂದ ತರುತ್ತಿದ್ದ ಕಾದಂಬರಿಗಳಲ್ಲಿ ಬೈಂಡ್ ಕಿತ್ತುಹೋಗುವಷ್ಟು ಕೈ ಬದಲಾಯಿಸಿದ್ದು ಇವರ ಪುಸ್ತಕಗಳೇ. ಒಬ್ಬರು ಓದಿ ಮುಗಿಸುವ ಮೊದಲೇ ಪಕ್ಕದ ಮನೆಯವರು ಕೇಳಿಕೊಂಡು ಬರುತ್ತಿದ್ದರು. ನಾನೂ ಹೈಸ್ಕೂಲಿನಲ್ಲಿ ಇದ್ದಾಗ ಕದ್ದುಮುಚ್ಚಿ ಒಂದೆರಡು ಓದಿದ್ದೆ. ಇಲ್ಲಿಗೆ ಬಂದ ಮೇಲೆ, ಮದುವೆ ಮಕ್ಕಳು ಆದ ಮೇಲೆ ಮತ್ತೆ ಓದಿದಾಗ ಅವು ಬೇರೆಯೇ ಪುಸ್ತಕಗಳಾಗಿ ಕಂಡವು.

ತ್ರಿವೇಣಿಯವರು ಹುಟ್ಟಿದ್ದು 1928ರ ಸೆಪ್ಟೆಂಬರ್ 1ರಂದು, ಮೈಸೂರಿನಲ್ಲಿ. ತಂದೆ ಬಿ.ಎಂ. ಕೃಷ್ಣಸ್ವಾಮಿ, ತಾಯಿ ತಂಗಮ್ಮ. ಮನೆಯಲ್ಲಿ ಇಟ್ಟ ಹೆಸರು ಭಾಗೀರಥಿ. ಶಾಲೆಯಲ್ಲಿ ಅನಸೂಯ. ತ್ರಿವೇಣಿ ಅನ್ನೋದು ಬರವಣಿಗೆಗೆ ಅಂತ ಆರಿಸಿಕೊಂಡ ಹೆಸರು. ಆಚಾರ್ಯ ಬಿ.ಎಂ.ಶ್ರೀಯವರದೂ ಇವರದೂ ಒಂದೇ ಮನೆತನ. ಕಾದಂಬರಿಗಾರ್ತಿ ವಾಣಿಯವರು ಹತ್ತಿರದ ಸಂಬಂಧಿ. ತಂಗಿ ಆರ್ಯಾಂಬ ಪಟ್ಟಾಭಿಯವರೂ ಮುಂದೆ ಹೆಸರಾಂತ ಲೇಖಕಿಯಾದರು. ಓದು ಬರಹ ಮನೆಯಲ್ಲೇ ಇತ್ತು ಅಂತ ಧಾರಾಳವಾಗಿ ಹೇಳಬಹುದು.

ಇವರು ಮಂಡ್ಯ, ಮೈಸೂರುಗಳಲ್ಲಿ ಓದಿ 1947ರಲ್ಲಿ ಬಿ.ಎ. ಮುಗಿಸಿದರು. ಮನಶ್ಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದರು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಒಬ್ಬ ಹುಡುಗಿ ಮನಶ್ಶಾಸ್ತ್ರ ಓದಿ ಪದಕ ತಗೊಂಡಳು ಅನ್ನೋದೇ ದೊಡ್ಡ ಸಂಗತಿ. ಆ ಓದು ಅವರಿಗೆ ಪದಕದ ಮಟ್ಟಿಗೆ ನಿಲ್ಲಲಿಲ್ಲ, ಬರೆದ ಬಹುಪಾಲು ಪುಸ್ತಕಗಳಿಗೆ ಅದೇ ಅಡಿಪಾಯ ಆಯಿತು. ಮುಂದೆ ಇಂಗ್ಲಿಷ್ ಅಧ್ಯಾಪಕರಾಗಿದ್ದ ಎಸ್.ಎನ್. ಶಂಕರ್ ಅವರನ್ನು ಮದುವೆಯಾಗಿ ಅನಸೂಯಾ ಶಂಕರ್ ಆದರು.

ಮೊದಲ ಕಾದಂಬರಿ 'ಅಪಸ್ವರ' ಬಂದದ್ದು 1953ರಲ್ಲಿ. ಅಲ್ಲಿಂದ ಬರೀ ಹತ್ತು ವರ್ಷದಲ್ಲಿ ಇಪ್ಪತ್ತರ ಸುಮಾರು ಕಾದಂಬರಿ, ಜೊತೆಗೆ ಸಣ್ಣಕಥೆಗಳು. 'ಬೆಕ್ಕಿನ ಕಣ್ಣು', 'ಹಣ್ಣೆಲೆ ಚಿಗುರಿದಾಗ', 'ಬೆಳ್ಳಿ ಮೋಡ', 'ಕಂಕಣ', 'ಮುಕ್ತಿ', 'ಅವಳ ಮನೆ', 'ಶರಪಂಜರ' ಹೀಗೆ ಹೆಸರು ಹೇಳುತ್ತಾ ಹೋದರೆ ನಿಮ್ಮಲ್ಲಿ ಎಷ್ಟೋ ಜನಕ್ಕೆ ಪುಸ್ತಕಕ್ಕಿಂತ ಮೊದಲು ಸಿನಿಮಾ ನೆನಪಾಗುತ್ತೆ. ಪುಟ್ಟಣ್ಣ ಕಣಗಾಲರು ಮೊದಲು 1966ರಲ್ಲಿ 'ಬೆಕ್ಕಿನ ಕಣ್ಣು' ಕಥೆಯನ್ನು ಮಲಯಾಳಂನಲ್ಲಿ ಚಿತ್ರ ಮಾಡಿದರು. 1967ರಲ್ಲಿ 'ಬೆಳ್ಳಿ ಮೋಡ', ಆಮೇಲೆ 'ಶರಪಂಜರ'. ಕಲ್ಪನಾ ಅವರಿಗೆ ದೊಡ್ಡ ಹೆಸರು ತಂದ ಪಾತ್ರಗಳಲ್ಲಿ ಇವೆರಡೂ ಇವೆ. ಇವ್ಯಾವುದನ್ನೂ ನೋಡಲು ತ್ರಿವೇಣಿ ಇರಲಿಲ್ಲ.

ಆ ಕಾಲದಲ್ಲಿ ಹೆಂಗಸರು ಬರೆದದ್ದಕ್ಕೆ ಅಡುಗೆಮನೆ ಸಾಹಿತ್ಯ ಅಂತ ಹಗುರವಾಗಿ ಹೆಸರಿಟ್ಟವರಿದ್ದರು. ಅಡುಗೆಮನೆ ಅಂದರೆ ಅಧಿಕಾರ ಇಲ್ಲದ ಜಾಗ ಅಂತ ಅವರ ಲೆಕ್ಕ. ನನಗನಿಸುವ ಪ್ರಕಾರ ತ್ರಿವೇಣಿ ತೋರಿಸಿದ್ದು ಇದರ ಉಲ್ಟಾ. ಮನೆಯೊಳಗೆ ಯಾರ ಮಾತು ನಡೆಯುತ್ತೆ, ಯಾರ ಮಾತನ್ನು ಯಾರೂ ಕೇಳಿಸಿಕೊಳ್ಳೋದಿಲ್ಲ, ದುಡ್ಡು ಯಾರ ಕೈಲಿದೆ, ತಪ್ಪು ಯಾರ ತಲೆ ಮೇಲೆ ಬೀಳುತ್ತೆ, ಇಷ್ಟೂ ಅಧಿಕಾರದ ವಿಷಯವೇ. ಅವರ ಹೆಣ್ಣುಮಕ್ಕಳು ಮೆರವಣಿಗೆ ಹೋಗೋದಿಲ್ಲ, ಭಾಷಣ ಮಾಡೋದಿಲ್ಲ. ಆದರೆ ಒಂದು ಹಂತದಲ್ಲಿ ಬೇಡ ಅಂತಾರೆ.

'ಬೆಳ್ಳಿ ಮೋಡ'ದ ಇಂದಿರೆಯನ್ನೇ ನೋಡಿ. ಎಸ್ಟೇಟ್ ಮಾಲೀಕರ ಒಬ್ಬಳೇ ಮಗಳು. ಮದುವೆ ನಿಶ್ಚಯವಾದ ಹುಡುಗ ಮೋಹನ ಮಾವನ ದುಡ್ಡಿನಲ್ಲಿ ವಿದೇಶಕ್ಕೆ ಹೋಗಿ ಓದಿ ಬರುತ್ತಾನೆ. ಅಷ್ಟರಲ್ಲಿ ಇಂದಿರೆಗೆ ತಮ್ಮ ಹುಟ್ಟಿರುತ್ತಾನೆ, ಆಸ್ತಿಗೆ ವಾರಸುದಾರ ಬಂದ ಹಾಗಾಯ್ತು. ಹುಡುಗ ಮದುವೆಯಿಂದ ಹಿಂದೆ ಸರಿಯುತ್ತಾನೆ. ಮುಂದೆ ಅವನಿಗೆ ಪೆಟ್ಟಾಗಿ ಮಲಗಿದಾಗ ಇಂದಿರೆ ಮನುಷ್ಯತ್ವಕ್ಕೆ ಆರೈಕೆ ಮಾಡುತ್ತಾಳೆ. ಆಗ ಅವನಿಗೆ ಬುದ್ಧಿ ಬಂದು ಮದುವೆಯಾಗೋಣ ಅಂದರೆ ಒಪ್ಪೋದಿಲ್ಲ. ಅಳುವುದಿಲ್ಲ, ಶಾಪ ಹಾಕೋದಿಲ್ಲ, ಒಪ್ಪೋದಿಲ್ಲ ಅಷ್ಟೇ. ವಿದೇಶಕ್ಕೆ ಬಂದು ದುಡಿಯುವ ನಮಗೆ ಈ ಮೋಹನನ ಪರಿಚಯ ಚೆನ್ನಾಗಿಯೇ ಇದೆ. 'ಹಣ್ಣೆಲೆ ಚಿಗುರಿದಾಗ' ಎಳೆವಯಸ್ಸಿನ ವಿಧವೆಯ ಓದು ಮತ್ತು ಮರುಮದುವೆಯ ಕಥೆ. 1950-60ರ ದಶಕಗಳಲ್ಲಿ ಇದನ್ನು ಮನೆಮನೆಯ ಹೆಂಗಸರು ಓದುವ ಹಾಗೆ ಬರೆಯೋದು ಸುಲಭದ ಮಾತಲ್ಲ.

ಇನ್ನು 'ಶರಪಂಜರ'. ಕಾವೇರಿ ಚೆನ್ನಾಗಿ ಸಂಸಾರ ಮಾಡಿಕೊಂಡಿದ್ದ ಹೆಣ್ಣು. ಹೆರಿಗೆಯಾದ ಮೇಲೆ ಮನಸ್ಸಿನ ಹಿಡಿತ ತಪ್ಪುತ್ತದೆ. ನಮ್ಮ ಕಡೆ ಹಳಬರು ಬಾಣಂತಿ ಸನ್ನಿ ಅಂತಾರಲ್ಲ, ಅದು. ಆಸ್ಪತ್ರೆಗೆ ಸೇರಿಸುತ್ತಾರೆ, ಗುಣವಾಗುತ್ತದೆ, ಮನೆಗೆ ಬರುತ್ತಾಳೆ. ನಿಜವಾದ ಕಥೆ ಶುರುವಾಗೋದು ಇಲ್ಲಿಂದ. ಅವಳು ನಕ್ಕರೆ ಅನುಮಾನ, ಸಿಟ್ಟಾದರೆ ಅನುಮಾನ, ಸುಮ್ಮನೆ ಕೂತರೂ ಅನುಮಾನ. ನೆಂಟರು ದೂರ ನಿಲ್ಲುತ್ತಾರೆ. ಗಂಡ ಬೇರೆ ಹೆಣ್ಣಿನ ಸಂಗಕ್ಕೆ ಬಿದ್ದಿದ್ದಾನೆ. ಗುಣವಾಗಿ ಬಂದವಳನ್ನು ಸುತ್ತಲಿನವರೇ ಸೇರಿ ಮತ್ತೆ ಕಾಯಿಲೆಗೆ ತಳ್ಳುತ್ತಾರೆ. ನಮ್ಮ ಕೆಲಸದಲ್ಲಿ ರಿಪೇರಿ ಆದ ಲೈನಿಗೆ ಮೆಗ್ಗರ್ ಹಿಡಿದು ರೀಡಿಂಗ್ ಸರಿ ಬಂದರೆ ನಂಬಿಕೆಯಿಂದ ಸ್ವಿಚ್ ಹಾಕ್ತೀವಿ. ಕಾವೇರಿಗೆ ಡಾಕ್ಟರು ಸರ್ಟಿಫಿಕೇಟ್ ಕೊಟ್ಟರೂ ಮನೆಯವರು ಸ್ವಿಚ್ ಹಾಕಲೇ ಇಲ್ಲ.

ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾದದ್ದು 1954ರಲ್ಲಿ. ಅದೇ ಮುಂದೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಹಾಗಾಗಿ ತ್ರಿವೇಣಿ ಬರೆಯುವ ಹೊತ್ತಿಗೆ ಚಿಕಿತ್ಸೆ ಅನ್ನೋದು ನಮ್ಮ ರಾಜ್ಯಕ್ಕೆ ಬಂದಿತ್ತು. ಬಾರದೆ ಇದ್ದದ್ದು ಕಾಯಿಲೆಯಿಂದ ಎದ್ದು ಬಂದವರನ್ನು ಮನುಷ್ಯರ ಹಾಗೆ ನೋಡುವ ಅಭ್ಯಾಸ.

ಇಲ್ಲಿ ರೋಟರ್‌ಡ್ಯಾಮಿನ ಒಂದು ಸೈಟಿನಲ್ಲಿ ನನ್ನ ಜೊತೆ ಕೇಬಲ್ ಎಳೆಯುತ್ತಿದ್ದ ಇರಾನಿ ಗೆಳೆಯನಿಗೆ ಊಟದ ಹೊತ್ತಿನಲ್ಲಿ ಈ ಕಥೆ ಹೇಳಿದ್ದೆ. ಅವನು ತಮ್ಮ ಭಾಷೆಯ ಸಿಮಿನ್ ದಾನೇಶ್ವರ್ ಹೆಸರು ಹೇಳಿದ. ಲೈಬ್ರರಿಯಲ್ಲಿ ಅವರ 'ಸುವಶುನ್' ಇಂಗ್ಲಿಷಿನಲ್ಲಿ ಸಿಕ್ಕಿತು, ನಿಧಾನಕ್ಕೆ ಓದಿದೆ. 1969ರ ಕಾದಂಬರಿ. ಎರಡನೇ ಮಹಾಯುದ್ಧದ ಕಾಲದ ಶಿರಾಜ್ ಊರು, ಅಲ್ಲಿ ಜರಿ ಅನ್ನುವ ಗೃಹಿಣಿ. ಮನೆ ನೆಮ್ಮದಿಯಾಗಿದ್ದರೆ ಸಾಕು ಅಂತ ಎಲ್ಲದಕ್ಕೂ ತಲೆಬಾಗುತ್ತಿದ್ದವಳು ಗಂಡನ ಕೊಲೆಯಾದ ಮೇಲೆ ಹೆದರಿಕೆ ಬಿಟ್ಟು ನಿಲ್ಲುತ್ತಾಳೆ. ಅವಳು ಹರಕೆ ಹೊತ್ತು ಹುಚ್ಚಾಸ್ಪತ್ರೆಯಲ್ಲಿರುವವರಿಗೆ ರೊಟ್ಟಿ, ಖರ್ಜೂರ ಕೊಂಡೊಯ್ಯುವ ಭಾಗ ಓದುವಾಗ ನನಗೆ ಕಾವೇರಿ ನೆನಪಾದಳು. ಈಜಿಪ್ಟಿನಲ್ಲಿ ಲತೀಫಾ ಅಲ್ ಜಯ್ಯಾತ್ 1960ರಲ್ಲೇ 'ತೆರೆದ ಬಾಗಿಲು' ಅನ್ನುವ ಅರ್ಥದ ಹೆಸರಿನ ಕಾದಂಬರಿ ಬರೆದರು. ಅದರ ಲೈಲಾ ಕೂಡ ತನ್ನನ್ನು ಆಳಲು ಬಂದ ಪ್ರೊಫೆಸರ್ ವರನನ್ನು ಬಿಟ್ಟು ಹೊರಡುತ್ತಾಳೆ, ನಮ್ಮ ಇಂದಿರೆಯ ಅಕ್ಕನ ಹಾಗೆ. ಮೈಸೂರು, ಶಿರಾಜ್, ಕೈರೋ ಒಂದಕ್ಕೊಂದು ಸಂಬಂಧವಿಲ್ಲದ ಊರುಗಳು. ಹೆಚ್ಚುಕಮ್ಮಿ ಒಂದೇ ಕಾಲದಲ್ಲಿ ಮೂವರು ಹೆಂಗಸರು ಒಂದೇ ಬಾಗಿಲು ತಟ್ಟುತ್ತಿದ್ದರು. ದಾನೇಶ್ವರ್ ತೊಂಬತ್ತು ವರ್ಷ ಬಾಳಿದರು. ನಮ್ಮವರಿಗೆ ಅಷ್ಟು ಆಯಸ್ಸು ಇರಲಿಲ್ಲ.

1963ರ ಜುಲೈ 29ರಂದು, ಹೆಣ್ಣುಮಗುವಿಗೆ ಜನ್ಮ ಕೊಟ್ಟ ಕೆಲವೇ ದಿನಗಳಲ್ಲಿ, ತ್ರಿವೇಣಿ ತೀರಿಕೊಂಡರು. ಮೂವತ್ತೈದು ತುಂಬಿರಲಿಲ್ಲ. ಬಾಣಂತಿಯ ಕಷ್ಟವನ್ನು ಕನ್ನಡಕ್ಕೆ ತಿಳಿಸಿಕೊಟ್ಟವರು ಬಾಣಂತನದಲ್ಲೇ ಹೋದರು. ಅರ್ಧಕ್ಕೆ ನಿಂತ 'ಅವಳ ಮಗಳು' ಕಾದಂಬರಿಯನ್ನು ಲೇಖಕಿ ಎಂ.ಸಿ. ಪದ್ಮಾ ಪೂರ್ತಿ ಮಾಡಿದರು. ಮೈಸೂರಿನ ಚಾಮುಂಡಿಪುರಂನಲ್ಲಿ ಅವರು ಬಾಳಿದ ಮನೆ ಈಗ ಸ್ಮಾರಕವಾಗಿದೆ. ರಜೆಗೆ ಹೋದಾಗ ಅರಮನೆ, ಬೆಟ್ಟದ ಜೊತೆ ಅದನ್ನೂ ಒಮ್ಮೆ ನೋಡಿ ಬನ್ನಿ.

ಈಗ ನಮ್ಮ ಮಾತಿಗೆ ಬರೋಣ. ಹೆರಿಗೆಯಾದ ಮೇಲೆ ತೀವ್ರವಾಗಿ ಮನಸ್ಸು ಕೆಡೋದು ಸಾವಿರ ಹೆರಿಗೆಗೆ 1 ಅಥವಾ 2 ಅಂತ ಡಾಕ್ಟರುಗಳ ಲೆಕ್ಕ. ಸಾಮಾನ್ಯ ಖಿನ್ನತೆ ನೂರಕ್ಕೆ 10ಕ್ಕೂ ಹೆಚ್ಚು ತಾಯಂದಿರಿಗೆ ಬರುತ್ತೆ. ನಮ್ಮ ಹೆಂಗಸರು ಇಲ್ಲಿ ಬೇಗ ಕತ್ತಲಾಗುವ ಚಳಿಗಾಲದಲ್ಲಿ, ತಾಯಿ ಇಲ್ಲದೆ, ಭಾಷೆ ಇಲ್ಲದೆ, ಗಂಡ ಶಿಫ್ಟಿಗೆ ಹೋದ ಮನೆಯಲ್ಲಿ ಬಾಣಂತನ ಮಾಡಿಕೊಳ್ಳುತ್ತಾರೆ. ಈ ದೇಶದಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಕ್ರಾಮ್‌ಜೋರ್ಖ್ ಅಂತ, ಹೆರಿಗೆಯಾದ ಮೇಲೆ ಸುಮಾರು ಎಂಟು ದಿನ ಸಹಾಯಕಿ ಮನೆಗೇ ಬರುತ್ತಾರೆ. ಮಗುವನ್ನಷ್ಟೇ ಅಲ್ಲ, ತಾಯಿಯ ಮನಸ್ಸನ್ನೂ ಗಮನಿಸುತ್ತಾರೆ. ದುಡ್ಡು ಉಳಿಯುತ್ತೆ ಅಂತ ಗಂಟೆ ಕಡಿಮೆ ಮಾಡಿಸಬೇಡಿ. ಅವರು ಹೋದ ಮೇಲೂ ನಿದ್ದೆ ಇಲ್ಲ, ಮಾತು ಕಮ್ಮಿಯಾಯ್ತು, ಹೆದರಿಕೆ ಜಾಸ್ತಿಯಾಯ್ತು ಅನಿಸಿದರೆ ತಡಮಾಡದೆ ಹೌಸ್‌ಆರ್ಟ್ಸ್‌ಗೆ ಫೋನ್ ಮಾಡಿ. ದೃಷ್ಟಿಯಾಗಿದೆ ಅಂತ ಊರಿಂದ ಫೋನ್ ಬಂದರೆ ದೃಷ್ಟಿನೂ ತೆಗೀರಿ, ಡಾಕ್ಟರ ಹತ್ತಿರಾನೂ ಹೋಗಿ.

ನಮಗೆ ಗೊತ್ತಿರುವ ಒಂದು ಮನೆಯಲ್ಲಿ ಹೀಗೇ ಆಗಿ, ಚಿಕಿತ್ಸೆಯಾಗಿ, ಆ ತಂಗಿ ಈಗ ಚೆನ್ನಾಗಿದ್ದಾಳೆ. ಆದರೆ ಹಬ್ಬದ ಕೂಟದಲ್ಲಿ ಅವಳು ಜೋರಾಗಿ ನಕ್ಕಾಗ ಎರಡು ಟೇಬಲ್ ಆಚೆ ಪಿಸುಮಾತು ಶುರುವಾದದ್ದು ನನ್ನ ಕಿವಿಗೆ ಬಿತ್ತು. 'ಶರಪಂಜರ' ಬರೆದು ಅರವತ್ತು ವರ್ಷ ಆಯ್ತು. ಆ ಪಂಜರ ಕಟ್ಟುವವರು ನಾವಾಗಬಾರದು ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ.

ನನ್ನ ಹತ್ತಿರ ತ್ರಿವೇಣಿಯವರ ಆರು ಪುಸ್ತಕಗಳಿವೆ. ಗಂಡಸರಾಗಲಿ ಹೆಂಗಸರಾಗಲಿ, ಕೇಳಿದವರಿಗೆ ಮುಂದಿನ ಕೂಟಕ್ಕೆ ತಂದುಕೊಡುತ್ತೇನೆ. ಓದಿ, ಮುಂದಿನವರಿಗೆ ದಾಟಿಸಿ.