ಯೋಗಾಚಾರ್ಯ ತಿರುಮಲೆ ಕೃಷ್ಣಮಾಚಾರ್ಯರು

ವಿದ್ಯೆಯನ್ನು ಸಂಪಾದಿಸುವುದು ಒಂದು ತಪಸ್ಸು. ಸಂಪಾದಿಸಿದ ವಿದ್ಯೆಯನ್ನು ಪಾತ್ರವರಿತು ದಾನಮಾಡುವುದು ಅದಕ್ಕಿಂತಲೂ ಕಠಿಣವಾದ ತಪಸ್ಸು. ಭರತಖಂಡದ ಸಕಲ ವಿದ್ಯೆಗಳ ಪೈಕಿ ಯೋಗವಿದ್ಯೆಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಆಸನಗಳ ಹೆಸರುಗಳನ್ನು ಗ್ರಂಥಗಳಲ್ಲಿ ಓದಿ ತಿಳಿಯಬಹುದು. ಉಸಿರನ್ನು ಸೆಳೆದು, ನಿಲ್ಲಿಸಿ, ಬಿಡುವ ಕ್ರಮವನ್ನು ಗುರುಸನ್ನಿಧಿಯಲ್ಲಿ ಕುಳಿತಲ್ಲದೆ ಕಲಿಯಲಾಗದು. ಆದುದರಿಂದ ಯೋಗವನ್ನು ಬಲ್ಲ ಗುರುವೊಬ್ಬನು ಶಿಷ್ಯರಿಲ್ಲದೆ ಕಣ್ಮರೆಯಾದರೆ ಅವನೊಡನೆ ಒಂದು ಪರಂಪರೆಯೇ ಅಳಿಯುವುದು. ಕನ್ನಡ ನಾಡಿಗೂ ಯೋಗಕ್ಕೂ ಇರುವ ನಂಟು ಬಹು ಪುರಾತನವಾದುದು. ಸ್ವಾತ್ಮಾರಾಮ ಯೋಗೀಂದ್ರರ ಹಠಯೋಗಪ್ರದೀಪಿಕೆಯು ಎಣಿಸುವ ಮಹಾಸಿದ್ಧರ ಶ್ರೇಣಿಯಲ್ಲಿ ಅಲ್ಲಮಪ್ರಭುದೇವರ ನಾಮವಿರುವುದು ಶಿವಭಕ್ತರೆಲ್ಲರಿಗೂ ಅಭಿಮಾನದ ಸಂಗತಿ. ಅದೇ ನಾಡಿನಲ್ಲಿ ಜನಿಸಿ, ಕ್ಷೀಣದಶೆಯನ್ನು ಹೊಂದಿದ್ದ ಈ ವಿದ್ಯೆಯನ್ನು 20ನೆಯ ಶತಮಾನದಲ್ಲಿ ಗೃಹಸ್ಥರ ಮನೆಬಾಗಿಲಿಗೆ ತಂದ ಮಹನೀಯರು ತಿರುಮಲೆ ಕೃಷ್ಣಮಾಚಾರ್ಯರು. ಅವರು ಹುಟ್ಟಿನಿಂದಲೂ ಆಚಾರದಿಂದಲೂ ಶ್ರೀವೈಷ್ಣವರು. ಆದರೂ ಅವರ ಗುರುಭಕ್ತಿಯ ಕಥೆಯು ಗುರುವನ್ನು ನಂಬಿ ನಡೆಯುವ ಸಕಲ ಸದ್ಭಕ್ತರಿಗೂ ಆದರಣೀಯವಾದುದು.

ಕೃಷ್ಣಮಾಚಾರ್ಯರು 1888ನೆಯ ಇಸವಿ ನವೆಂಬರ್ ತಿಂಗಳ 18ನೆಯ ದಿನದಂದು ಅಂದಿನ ಮೈಸೂರು ಸಂಸ್ಥಾನದ ಚಿತ್ರದುರ್ಗ ಸೀಮೆಗೆ ಸೇರಿದ ಮುಚುಕುಂದಪುರವೆಂಬ ಗ್ರಾಮದಲ್ಲಿ ಜನ್ಮವೆತ್ತಿದರು. ತಂದೆ ಶ್ರೀನಿವಾಸ ತಾತಾಚಾರ್ಯರು ವೇದಾಧ್ಯಯನಸಂಪನ್ನರು, ತಾಯಿ ರಂಗನಾಯಕಮ್ಮನವರು. ಯೋಗರಹಸ್ಯವೆಂಬ ಗ್ರಂಥವನ್ನು ರಚಿಸಿದರೆಂದು ಪ್ರಸಿದ್ಧರಾದ ನಾಥಮುನಿಗಳ ವಂಶವೇ ತಮ್ಮದೆಂಬುದು ಆ ಮನೆತನದವರ ನಂಬಿಕೆಯಾಗಿತ್ತು. ಮಗನು ಐದು ವರ್ಷದವನಾಗುತ್ತಲೇ ತಂದೆಯು ಅವನಿಗೆ ಸಂಸ್ಕೃತ ಪಾಠವನ್ನೂ ಮಂತ್ರೋಚ್ಚಾರಣೆಯನ್ನೂ ಕೆಲವು ಆಸನಗಳನ್ನೂ ಹೇಳಿಕೊಡಲಾರಂಭಿಸಿದರು. ಆದರೆ ಬಾಲಕನಿಗೆ ಸುಮಾರು ಹತ್ತು ವರ್ಷ ತುಂಬುವಷ್ಟರಲ್ಲಿಯೇ ಪಿತೃವಿಯೋಗವುಂಟಾಯಿತು. ಕುಟುಂಬವು ಮೈಸೂರಿಗೆ ಬಂದು ನೆಲೆಸಿತು. ಅಲ್ಲಿಯ ಪರಕಾಲ ಮಠದ ಪೀಠದಲ್ಲಿ ಅವರ ವಂಶದ ಹಿರಿಯರೇ ವಿರಾಜಮಾನರಾಗಿದ್ದರು. ತಂದೆಯಿಲ್ಲದ ಹುಡುಗನಿಗೆ ಮಠದ ಆಶ್ರಯವು ದೊರೆತು, ವಿದ್ಯಾಭ್ಯಾಸವು ನಿರಾತಂಕವಾಗಿ ಮುಂದುವರಿಯಿತು.

ಹದಿನೆಂಟನೆಯ ವಯಸ್ಸಿನಲ್ಲಿ, ಎಂದರೆ 1906ರಲ್ಲಿ, ಅವರು ಕಾಶೀ ಕ್ಷೇತ್ರಕ್ಕೆ ತೆರಳಿದರು. ಅಲ್ಲಿ ಶಿವಕುಮಾರ ಶಾಸ್ತ್ರಿಗಳೆಂಬ ಪ್ರಖ್ಯಾತ ವಿದ್ವಾಂಸರ ಬಳಿಯಲ್ಲಿ ಅಧ್ಯಯನ ಮಾಡಿ ಮೈಸೂರಿಗೆ ಹಿಂದಿರುಗಿ ವೇದಾಂತವನ್ನು ಓದಿದರು. ಕೆಲವು ವರ್ಷಗಳ ತರುವಾಯ ಪುನಃ ಕಾಶಿಗೆ ಹೋದರು. ಮನೆಯಿಂದ ಹಣ ಬರುವಂತಿರಲಿಲ್ಲ. ದಿನಕ್ಕೆ ಏಳು ಮನೆಗಳಲ್ಲಿ ಮಾತ್ರ ಭಿಕ್ಷೆ ಬೇಡಿ, ದೊರೆತ ಹಿಟ್ಟನ್ನು ನೀರಿನಲ್ಲಿ ಕಲಸಿ ರೊಟ್ಟಿ ಮಾಡಿ ಉಂಡು ಓದಿದರು. ಜೋಳಿಗೆಯ ಅನ್ನದಿಂದ ಅಧ್ಯಯನ ಮಾಡುವ ವಟುಗಳನ್ನು ಬಲ್ಲ ಮಠದ ಭಕ್ತರಿಗೆ ಈ ಜೀವನಕ್ರಮದ ಘನತೆಯನ್ನು ವಿವರಿಸಿ ಹೇಳಬೇಕಾದುದಿಲ್ಲ. ತರ್ಕ, ವ್ಯಾಕರಣ, ಮೀಮಾಂಸೆ, ಸಾಂಖ್ಯ ಮೊದಲಾದ ದರ್ಶನಗಳಲ್ಲಿ ಅವರಿಗೆ ಪಾಂಡಿತ್ಯವು ಲಭಿಸಿತು. ಇಷ್ಟಾದರೂ ಯೋಗದರ್ಶನವನ್ನು ಸೂತ್ರಭಾಷ್ಯಗಳಲ್ಲಿ ಓದಿದ ಮಾತ್ರಕ್ಕೆ ಅವರ ಮನಸ್ಸಿಗೆ ತೃಪ್ತಿಯುಂಟಾಗಲಿಲ್ಲ. ಅದನ್ನು ದೇಹದಲ್ಲಿಯೂ ಉಸಿರಿನಲ್ಲಿಯೂ ಆಚರಿಸಿ ತೋರಿಸಬಲ್ಲ ಗುರುವಿಗಾಗಿ ಅವರು ಹಂಬಲಿಸಿದರು. ಮಹಾವಿದ್ವಾಂಸರಾದ ಗಂಗಾನಾಥ ಝಾ ಅವರು ಈ ಹಂಬಲವನ್ನು ಕಂಡು, ಹಿಮಾಲಯದ ಆಚೆಗೆ ವಾಸಿಸುವ ರಾಮಮೋಹನ ಬ್ರಹ್ಮಚಾರಿಗಳೆಂಬ ಯೋಗಿಗಳನ್ನು ಆಶ್ರಯಿಸುವಂತೆ ಸೂಚಿಸಿದರು.

ಮುಂದಿನ ವೃತ್ತಾಂತವನ್ನು ಕೃಷ್ಣಮಾಚಾರ್ಯರೇ ತಮ್ಮ ಮಕ್ಕಳಿಗೂ ಶಿಷ್ಯರಿಗೂ ತಿಳಿಸಿದ್ದಾರೆ. ಅವರು ಕಾಲ್ನಡಿಗೆಯಿಂದ ಹಿಮಾಲಯವನ್ನು ದಾಟಿ, ಮಾನಸಸರೋವರದ ಸಮೀಪದ ಗುಹೆಯೊಂದರಲ್ಲಿ ಪತ್ನೀಪುತ್ರರೊಡನೆ ವಾಸವಾಗಿದ್ದ ಆ ಗುರುವಿನ ದರ್ಶನ ಪಡೆದರು. ಅಲ್ಲಿ ಏಳೂವರೆ ವರ್ಷಗಳ ಪರ್ಯಂತ ಸೇವೆಮಾಡುತ್ತ, ಯೋಗಸೂತ್ರಗಳನ್ನು ಕಂಠಸ್ಥ ಮಾಡಿ, ಆಸನ ಪ್ರಾಣಾಯಾಮಗಳನ್ನು ಸಾಧಿಸಿ, ರೋಗನಿವಾರಣೆಗಾಗಿ ಅವುಗಳನ್ನು ಪ್ರಯೋಗಿಸುವ ಮರ್ಮವನ್ನು ಅರಿತರು. ವಿದ್ಯೆ ಮುಗಿದ ಮೇಲೆ ಶಿಷ್ಯನು ಗುರುದಕ್ಷಿಣೆಯಾಗಿ ಏನನ್ನು ಅರ್ಪಿಸಬೇಕೆಂದು ಕೇಳಲಾಗಿ, ಗುರುವು ಹೊನ್ನನ್ನಾಗಲಿ ವಸ್ತ್ರವನ್ನಾಗಲಿ ಅಪೇಕ್ಷಿಸಲಿಲ್ಲ. ಊರಿಗೆ ಮರಳಿ, ವಿವಾಹವಾಗಿ, ಮಕ್ಕಳನ್ನು ಪಡೆದು, ಗೃಹಸ್ಥನಾಗಿಯೇ ಯೋಗವನ್ನು ಬೋಧಿಸಿಕೊಂಡಿರಬೇಕೆಂಬುದೇ ಅವರ ಅಪ್ಪಣೆಯಾಗಿತ್ತು. ಆ ಒಂದು ಅಪ್ಪಣೆಯು ಶಿಷ್ಯನ ಮುಂದಿನ ಬಾಳನ್ನೆಲ್ಲ ಕಟ್ಟಿಹಾಕಿತು. ಅಷ್ಟು ದರ್ಶನಗಳನ್ನು ಬಲ್ಲ ಪಂಡಿತನು ಯಾವ ಆಸ್ಥಾನದಲ್ಲಿಯಾದರೂ ಸುಖವಾಗಿ ಇರಬಹುದಾಗಿತ್ತು. ಕೃಷ್ಣಮಾಚಾರ್ಯರು ಆ ಸುಖದ ಮಾರ್ಗವನ್ನು ಬಿಟ್ಟು ಗುರುವಾಕ್ಯದ ಮಾರ್ಗವನ್ನು ಹಿಡಿದರು.

1925ರಲ್ಲಿ ಅವರು ನಾಮಗಿರಿಯಮ್ಮನವರ ಪಾಣಿಗ್ರಹಣ ಮಾಡಿದರು. ಆ ಕಾಲದಲ್ಲಿ ಯೋಗವೆಂದರೆ ಸಂನ್ಯಾಸಿಗಳ ಸೊತ್ತೆಂದು ಕೆಲವರೂ, ಬೀದಿಯ ಇಂದ್ರಜಾಲವೆಂದು ಕೆಲವರೂ ತಿಳಿದಿದ್ದರು. ಸಂಸಾರಿಯೊಬ್ಬನು ಯೋಗವನ್ನು ಕಲಿಸಿ ಜೀವಿಸುವುದೆಂದರೆ ಜನರಿಗೆ ನಗೆಪಾಟಲಾಗಿತ್ತು. ಕಲಿಯಲು ಬರುವವರಿಲ್ಲದೆ ದಾರಿದ್ರ್ಯವು ಮನೆಯಲ್ಲಿ ನೆಲೆಯೂರಿತು. ಉಡಲು ಬಟ್ಟೆಯಿಲ್ಲದೆ ಪತ್ನಿಯ ಸೀರೆಯ ತುಂಡನ್ನೇ ಹರಿದು ಕೌಪೀನವಾಗಿ ಧರಿಸಿದರೆಂದು ಅವರ ಬಾಳನ್ನು ಬಲ್ಲವರು ಹೇಳುವರು. ಕಡೆಗೆ ಹೊಟ್ಟೆಪಾಡಿಗಾಗಿ ಹಾಸನ ಸೀಮೆಯ ಕಾಫಿ ತೋಟವೊಂದರಲ್ಲಿ ಕೆಲಸಗಾರರ ಮೇಲ್ವಿಚಾರಣೆಯ ಉದ್ಯೋಗವನ್ನು ಒಪ್ಪಿಕೊಂಡರು. ದುಡಿಮೆಯ ನಡುವೆ ಬಿಡುವು ದೊರೆತಾಗಲೆಲ್ಲ ಊರೂರಿಗೆ ಹೋಗಿ ಉಪನ್ಯಾಸ ಮಾಡುತ್ತ, ಕಠಿಣವಾದ ಆಸನಗಳನ್ನು ಪ್ರದರ್ಶಿಸುತ್ತ, ನಾಡಿಯ ಬಡಿತವನ್ನು ತಡೆದು ತೋರಿಸುತ್ತ ಜನರ ಚಿತ್ತವನ್ನು ಈ ವಿದ್ಯೆಯ ಕಡೆಗೆ ತಿರುಗಿಸಲು ಯತ್ನಿಸಿದರು. 1927ರಲ್ಲಿ ಹಾಸನದಲ್ಲಿ ನಡೆದ ಅಂತಹ ಒಂದು ಪ್ರದರ್ಶನವನ್ನು ಕೌಶಿಕ ಗ್ರಾಮದ ಹನ್ನೆರಡು ವರ್ಷದ ಬಾಲಕನೊಬ್ಬನು ಕಂಡು ಬೆರಗಾಗಿ, ಮರುದಿನವೇ ಬಂದು ಶಿಷ್ಯತ್ವವನ್ನು ಬೇಡಿದನು. ಮುಂದೆ ಪಟ್ಟಾಭಿ ಜೋಯಿಸರೆಂದು ಖ್ಯಾತಿವೆತ್ತವನು ಆ ಬಾಲಕನೇ.

ಇಂತಹ ವಿದ್ಯಾವಂತನ ವಿಷಯವು ಮೈಸೂರಿನ ಅರಸರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರವರ ಕಿವಿಗೆ ಮುಟ್ಟಿತು. ಆ ರಾಜಮನೆತನಕ್ಕೆ ಯೋಗವು ಅಪರಿಚಿತವಾಗಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರವರ ಕಾಲದ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳು ಚಿತ್ರಸಹಿತವಾಗಿ ವರ್ಣಿತವಾಗಿವೆ. ಮಹಾರಾಜರ ಆಜ್ಞಾನುಸಾರ ಕೃಷ್ಣಮಾಚಾರ್ಯರು ಮೊದಲು ಸಂಸ್ಕೃತ ಪಾಠಶಾಲೆಯಲ್ಲಿ ಬೋಧಕರಾದರು. ಅನಂತರ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಅವರಿಗಾಗಿ ಯೋಗಶಾಲೆಯು ಏರ್ಪಟ್ಟಿತು. 1934ರಲ್ಲಿ ಅವರು ಯೋಗಮಕರಂದವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದರು; 1941ರಲ್ಲಿ ಯೋಗಾಸನಗಳು ಎಂಬ ಮತ್ತೊಂದು ಗ್ರಂಥವು ಹೊರಬಂದಿತು. ಸಂಸ್ಕೃತದಲ್ಲಿ ಬರೆದು ಪಂಡಿತರನ್ನು ಮೆಚ್ಚಿಸಬಲ್ಲವರು ನಾಡಿನ ಜನರ ನುಡಿಯಲ್ಲಿ ಬರೆದುದು ಸ್ಮರಣಾರ್ಹವಾದುದು.

ಯೋಗಶಾಲೆಯಲ್ಲಿ ಅವರು ಬೋಧಿಸಿದ ಕ್ರಮಕ್ಕೆ ವಿನ್ಯಾಸವೆಂದು ಹೆಸರು. ದೇಹವನ್ನು ಮೇಲೆತ್ತುವಾಗ, ಚಾಚುವಾಗ ಉಸಿರನ್ನು ಒಳಕ್ಕೆ ಸೆಳೆಯುವುದು. ಬಾಗುವಾಗ, ಮಡಿಸುವಾಗ ಹೊರಕ್ಕೆ ಬಿಡುವುದು. ದೃಷ್ಟಿಯನ್ನು ಒಂದೆಡೆ ನಿಲ್ಲಿಸುವುದು. ಒಂದು ಆಸನದಿಂದ ಮತ್ತೊಂದಕ್ಕೆ ಎಣಿಕೆಯನ್ನು ತಪ್ಪದೆ ಸಾಗುವುದು. ಉಸಿರಿನ ಮೇಲಣ ಎಚ್ಚರವು ತಪ್ಪಿದರೆ ಆಸನವು ಬರಿಯ ಅಂಗಸಾಧನೆಯಾಗುವುದೆಂಬುದು ಅವರ ಬೋಧೆಯ ಸಾರ. ಆಚಾರ್ಯರು ಆ ದಿನಗಳಲ್ಲಿ ಬಹಳ ಕಟ್ಟುನಿಟ್ಟಿನವರು. ಅವರ ನೋಟಕ್ಕೆ ಶಿಷ್ಯರು ನಡುಗುತ್ತಿದ್ದರು. ಆ ಶಿಕ್ಷೆಯನ್ನು ತಾಳಲಾರದೆ ಬಿಟ್ಟುಹೋದವರೂ ಉಂಟು.

ತಾಳಿ ನಿಂತವರನ್ನು ಮಾತ್ರ ಅವರು ತಾವಾಗಿಯೇ ಗುರುಗಳನ್ನಾಗಿ ಮಾಡಿದರು. ಪಟ್ಟಾಭಿ ಜೋಯಿಸರು ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಯೋಗವನ್ನು ಬೋಧಿಸತೊಡಗಿದರು. ನಾಮಗಿರಿಯಮ್ಮನವರ ತಮ್ಮಂದಿರಾದ ಕೋಲಾರ ಸೀಮೆಯ ಬೆಳ್ಳೂರಿನ ಸುಂದರರಾಜ ಅಯ್ಯಂಗಾರ್ಯರು 1934ರಲ್ಲಿ ಭಾವನ ಮನೆಗೆ ಬಂದಾಗ ರೋಗಪೀಡಿತರಾದ ದುರ್ಬಲ ಬಾಲಕರು. ಅವರನ್ನು ಪಳಗಿಸಿ 1937ರಲ್ಲಿ ಪುಣೆಗೆ ಬೋಧಕರನ್ನಾಗಿ ಕಳುಹಿಸಲಾಯಿತು. ಹದಿಹರೆಯವಿನ್ನೂ ದಾಟದ, ಅಲ್ಲಿಯ ನುಡಿಯನ್ನರಿಯದ ಆ ಯುವಕರು ಕಲಿಸುತ್ತ ಕಲಿಸುತ್ತಲೇ ಕಲಿತರು. ರೀಗಾ ನಗರದಲ್ಲಿ ಜನಿಸಿದ, ಇಂದ್ರಾದೇವಿಯೆಂದು ಹೆಸರಾದ ಮಹಿಳೆಯು ಬಂದು ಪ್ರಾರ್ಥಿಸಿದಾಗ, ಸ್ತ್ರೀಯೂ ಪರದೇಶೀಯಳೂ ಆದವಳಿಗೆ ಬೋಧಿಸಲು ಆಚಾರ್ಯರು ಮೊದಲು ಒಡಂಬಡಲಿಲ್ಲ. ಮಹಾರಾಜರು ಹೇಳಿದ ಮೇಲೆ, ಆಹಾರನಿದ್ರೆಗಳಲ್ಲಿ ಕಠಿಣ ನಿಯಮಗಳನ್ನು ವಿಧಿಸಿ ಪರೀಕ್ಷಿಸಿದರು. ಆಕೆಯು ಒಂದನ್ನೂ ಮುರಿಯಲಿಲ್ಲ. ಆಕೆಯ ಪತಿಯು ಚೀನಾದೇಶಕ್ಕೆ ತೆರಳಬೇಕಾಗಿ ಬಂದಾಗ, ಇತರರಿಗೆ ಕಲಿಸಲೇಬೇಕೆಂದು ಆಚಾರ್ಯರೇ ಆಜ್ಞಾಪಿಸಿ ಬೋಧನಕ್ರಮವನ್ನು ಬರೆಯಿಸಿಕೊಟ್ಟರು. ಹಿಮಾಲಯದ ಗುಹೆಯಲ್ಲಿ ತಾವು ಪಡೆದ ಅಪ್ಪಣೆಯನ್ನೇ ಅವರು ಹೀಗೆ ತಮ್ಮ ಶಿಷ್ಯರಿಗೂ ಹಂಚಿದರು.

ಸುಖದ ದಿನಗಳು ದೀರ್ಘಕಾಲ ನಿಲ್ಲಲಿಲ್ಲ. 1940ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ನಾಲ್ವಡಿಯವರು ದಿವಂಗತರಾದರು. 1947ರ ತರುವಾಯ ರಾಜಾಶ್ರಯವು ಕುಗ್ಗಿ, 1950ರಲ್ಲಿ ಯೋಗಶಾಲೆಯ ಬಾಗಿಲು ಮುಚ್ಚಿತು. ಅರುವತ್ತು ದಾಟಿದ ವಯಸ್ಸು, ದೊಡ್ಡ ಸಂಸಾರ; ಮತ್ತೊಬ್ಬರಾಗಿದ್ದರೆ ಎದೆಗುಂದಬಹುದಾಗಿತ್ತು. ಪಾರ್ಶ್ವವಾಯುವಿಗೀಡಾದ ನ್ಯಾಯವೇತ್ತರೊಬ್ಬರ ಶುಶ್ರೂಷೆಯ ನಿಮಿತ್ತ ಕರೆ ಬರಲಾಗಿ ಆಚಾರ್ಯರು ಮದ್ರಾಸಿಗೆ ತೆರಳಿ, ಅಲ್ಲಿಯೇ ನೆಲೆನಿಂತು ಹೊಸದಾಗಿ ಬೋಧನೆಯನ್ನಾರಂಭಿಸಿದರು.

ಮದ್ರಾಸಿನಲ್ಲಿ ಅವರ ಬಳಿಗೆ ಬಂದವರು ದೃಢಕಾಯರಾದ ಅರಮನೆಯ ಹುಡುಗರಲ್ಲ. ರೋಗಿಗಳು, ವೃದ್ಧರು, ಗರ್ಭಿಣಿಯರು, ಗುಮಾಸ್ತರು. ಗುರುವಿನ ನಿಜವಾದ ಪರೀಕ್ಷೆಯು ಇಲ್ಲಿಯೇ ನಡೆಯಿತು. ಹಿಂದೆ ಶಿಷ್ಯನು ವಿದ್ಯೆಯ ಅಳತೆಗೆ ತನ್ನನ್ನು ಬಗ್ಗಿಸಿಕೊಳ್ಳಬೇಕಾಗಿತ್ತು. ಈಗ ಆಚಾರ್ಯರು ವಿದ್ಯೆಯನ್ನೇ ಶಿಷ್ಯನ ಅಳತೆಗೆ ಹೊಂದಿಸಿದರು. ಬಂದವರನ್ನು ಒಬ್ಬೊಬ್ಬರನ್ನಾಗಿಯೇ ಕೂರಿಸಿ, ನಾಡಿಯನ್ನು ಹಿಡಿದು, ಊಟ, ನಿದ್ರೆ, ಉದ್ಯೋಗಗಳನ್ನು ವಿಚಾರಿಸಿ, ಅವರವರಿಗೆ ತಕ್ಕ ಅಭ್ಯಾಸವನ್ನು ಕೊಡುತ್ತಿದ್ದರು. ಎಳೆಯರಿಗೆ ಬೆಳವಣಿಗೆಯ ಕ್ರಮ, ನಡುವಯಸ್ಸಿನ ಗೃಹಸ್ಥರಿಗೆ ಆರೋಗ್ಯರಕ್ಷಣೆಯ ಕ್ರಮ, ವೃದ್ಧರಿಗೆ ಪ್ರಾಣಾಯಾಮ ಧ್ಯಾನಗಳೇ ಪ್ರಧಾನವಾದ ಕ್ರಮವೆಂದು ವಯೋಭೇದವನ್ನು ಎಣಿಸಿದರು. ಒಮ್ಮೆ ಸ್ತ್ರೀಯೊಬ್ಬಳನ್ನು ಶಿಷ್ಯೆಯಾಗಿ ಸ್ವೀಕರಿಸಲು ಹಿಂಜರಿದವರು ಈಗ ಸ್ತ್ರೀಯರಿಗೆ ವೇದಮಂತ್ರಗಳನ್ನು ಕೂಡ ಕಲಿಸಿದರು. ಪರಮತಸ್ಥರು ಬಂದಾಗ ತಮ್ಮ ದೇವರನ್ನು ಅವರ ಮೇಲೆ ಹೇರದೆ, ಅವರು ನಂಬಿದ ದೇವರನ್ನೇ ಧ್ಯಾನಿಸುವಂತೆ ತಿಳಿಸಿದರು.

1938ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರ ಪುತ್ರ ದೇಶಿಕಾಚಾರ್ಯರು ಇಂಜಿನಿಯರ್ ವಿದ್ಯೆಯನ್ನು ಮುಗಿಸಿ ಉದ್ಯೋಗದ ಹೊಸ್ತಿಲಲ್ಲಿದ್ದರು. ಬಹುಕಾಲದಿಂದ ನಿದ್ರೆಯನ್ನರಿಯದೆ ಬಳಲಿದ್ದ ವಿದೇಶೀಯ ಮಹಿಳೆಯೊಬ್ಬಳು, ಆಚಾರ್ಯರ ಉಪಾಯದಿಂದ ನಿದ್ರೆಯನ್ನು ಪಡೆದು, ಆನಂದಾತಿಶಯದಿಂದ ಓಡಿಬಂದು ಆ ಮಡಿವಂತ ವೃದ್ಧರನ್ನು ಆಲಿಂಗಿಸಿದುದನ್ನು ಪುತ್ರನು ಕಣ್ಣಾರೆ ಕಂಡನು. ತಂದೆಯ ವಿದ್ಯೆಯ ಬೆಲೆಯು ಆ ದಿನ ಅವನಿಗೆ ತಿಳಿಯಿತು. ಇಂಜಿನಿಯರಿಕೆಯನ್ನು ತೊರೆದು ತಂದೆಗೆ ಶಿಷ್ಯನಾದನು. 1976ರಲ್ಲಿ ಅವರು ಮದ್ರಾಸಿನಲ್ಲಿ ತಂದೆಯ ಹೆಸರಿನಿಂದ ಯೋಗಮಂದಿರವನ್ನು ಸ್ಥಾಪಿಸಿದರು.

ತೊಂಬತ್ತಾರನೆಯ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದಾಗ ಆಚಾರ್ಯರು ಶಸ್ತ್ರಚಿಕಿತ್ಸೆಗೆ ಒಪ್ಪದೆ, ಹಾಸಿಗೆಯಲ್ಲಿಯೇ ಮಾಡಬಹುದಾದ ಅಭ್ಯಾಸಕ್ರಮವನ್ನು ತಮಗೆ ತಾವೇ ವಿಧಿಸಿಕೊಂಡರು. ತಮ್ಮ ಬೋಧೆಯನ್ನು ತಮ್ಮದೆಂದು ಹೇಳಿಕೊಳ್ಳದೆ ಎಲ್ಲವನ್ನೂ ಗುರುವಿಗೇ ಒಪ್ಪಿಸುತ್ತಿದ್ದ ಆ ಹಿರಿಯರು, ನೂರು ವರ್ಷಗಳನ್ನು ಪೂರೈಸಿ, 1989ನೆಯ ಇಸವಿ ಫೆಬ್ರವರಿ 28ರಂದು ಮದ್ರಾಸಿನಲ್ಲಿ ದೇಹತ್ಯಾಗ ಮಾಡಿದರು.

ಸಮುದ್ರವನ್ನು ದಾಟದ ಆಚಾರ್ಯರ ವಿದ್ಯೆಯು ಸಪ್ತಸಮುದ್ರಗಳನ್ನು ದಾಟಿತು. ಅಯ್ಯಂಗಾರ್ಯರು ಪುಣೆಯಿಂದ, ಜೋಯಿಸರು ಮೈಸೂರಿನಿಂದ, ದೇಶಿಕಾಚಾರ್ಯರು ಮದ್ರಾಸಿನಿಂದ, ಇಂದ್ರಾದೇವಿಯವರು ಪಶ್ಚಿಮ ಖಂಡಗಳಿಂದ ಅದನ್ನು ಲೋಕಕ್ಕೆ ಹಂಚಿದರು. 2014ರಲ್ಲಿ ವಿಶ್ವಸಂಸ್ಥೆಯು ಜೂನ್ 21ನ್ನು ಯೋಗದ ದಿನವೆಂದು ಅಂಗೀಕರಿಸಿತು. ಕೆಲವೇ ವಾರಗಳಲ್ಲಿ ಯೋಗಬೋಧಕರಾಗಲು ಬಯಸುವವರು ಇಂದು ಬಹುಮಂದಿ. ಅಂತಹವರು ಏಳು ಮನೆಗಳ ಹಿಟ್ಟನ್ನೂ, ಗುಹೆಯ ಏಳೂವರೆ ವರ್ಷಗಳನ್ನೂ, ಕಾಫಿ ತೋಟದ ದುಡಿಮೆಯನ್ನೂ ಒಮ್ಮೆ ನೆನೆಯಬೇಕು. ಆಸನವನ್ನು ಬಲ್ಲವನು ಅಭ್ಯಾಸಿ. ಎದುರಿಗೆ ಕುಳಿತವನ ಉಸಿರನ್ನು ಬಲ್ಲವನು ಗುರು. ಪಡೆದುದನ್ನು ಸಮಾಜಕ್ಕೆ ಸವೆಸುವುದೇ ದಾಸೋಹವೆಂದು ಶರಣರ ಮಾರ್ಗದಲ್ಲಿ ನಡೆಯುವವರು ಬಲ್ಲರು. ವಿದ್ಯೆಯ ದಾಸೋಹವನ್ನು ದೀರ್ಘಕಾಲದವರೆಗೆ ನಡೆಯಿಸಿ ಗುರುಋಣವನ್ನು ತೀರಿಸಿದ ಈ ಮಹನೀಯರ ಚರಿತ್ರೆಯು ಮಠದ ವಟುಗಳಿಗೂ ಸದ್ಭಕ್ತರಿಗೂ ದಾರಿದೀಪವಾಗಲಿ.