ಮೀನಿನ ಕಾರ್ಖಾನೆಯಿಂದ ಅವಳಿ ಗೋಪುರಕ್ಕೆ: ಮಿನೋರು ಯಮಸಾಕಿ

ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ಅವಳಿ ಗೋಪುರಗಳು 2001ರ ಸೆಪ್ಟೆಂಬರ್ 11ರಂದು ಭಯೋತ್ಪಾದಕರ ದಾಳಿಗೆ ಕುಸಿದುದನ್ನು ಇಡೀ ಜಗತ್ತು ಕಂಡಿತು. ತಲಾ 110 ಅಂತಸ್ತಿನ ಆ ಗೋಪುರಗಳ ವಾಸ್ತುಶಿಲ್ಪಿ ಮಿನೋರು ಯಮಸಾಕಿ ಜಪಾನಿ ವಲಸಿಗ ದಂಪತಿಯ ಮಗ ಎಂಬುದು ಅನೇಕರಿಗೆ ತಿಳಿಯದು.

ಯಮಸಾಕಿ 1912ರ ಡಿಸೆಂಬರ್ 1ರಂದು ಅಮೆರಿಕದ ಸಿಯಾಟಲ್‌ನಲ್ಲಿ ಜನಿಸಿದರು. ತಂದೆ ಪಾದರಕ್ಷೆ ಅಂಗಡಿಯ ನೌಕರ. ಜಪಾನಿನಿಂದ ಬಂದವರಿಗೆ ಆಗ ಅಮೆರಿಕದ ಪೌರತ್ವ ಪಡೆಯಲು ಅವಕಾಶವಿರಲಿಲ್ಲ. ವಾಷಿಂಗ್ಟನ್ ರಾಜ್ಯದ 1921ರ ಕಾನೂನು ಜಮೀನು ಕೊಳ್ಳುವುದಿರಲಿ, ಗೇಣಿಗೆ ಪಡೆಯುವುದನ್ನೂ ಅವರಿಗೆ ನಿಷೇಧಿಸಿತ್ತು. ಆದರೆ ಅಲ್ಲಿಯೇ ಜನಿಸಿದ ಮಕ್ಕಳು ಪೌರರಾಗಿದ್ದರು. ಸಾರ್ವಜನಿಕ ಶಾಲೆ ಅವರಿಗೆ ತೆರೆದಿತ್ತು. ಆಸ್ತಿಯ ದಾರಿ ಮುಚ್ಚಿದ್ದ ಮನೆಗಳಿಗೆ ಮಕ್ಕಳ ವಿದ್ಯೆಯೇ ಆಸರೆಯಾಗಿತ್ತು.

ವಾಸ್ತುಶಿಲ್ಪಿಯಾಗಿದ್ದ ಸೋದರಮಾವ ಕೋಕೆನ್ ಇಟೊ ಅವರ ನಕ್ಷೆಗಳನ್ನು ಕಂಡು ಬಾಲಕ ತಾನೂ ಅದೇ ವೃತ್ತಿ ಹಿಡಿಯಲು ನಿಶ್ಚಯಿಸಿದ. 1929ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದ ಯಮಸಾಕಿ, ವ್ಯಾಸಂಗದ ವೆಚ್ಚಕ್ಕಾಗಿ ಬೇಸಿಗೆ ರಜೆಗಳಲ್ಲಿ ದೂರದ ಅಲಾಸ್ಕಾದಲ್ಲಿ ಸಾಲ್ಮನ್ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳಲ್ಲಿ ದುಡಿದರು. ಸಂಬಳ ತಿಂಗಳಿಗೆ 50 ಡಾಲರ್.

1934ರಲ್ಲಿ ಪದವಿ ದೊರೆತಾಗ ಆರ್ಥಿಕ ಮಹಾಕುಸಿತದ ಕಾಲ. ನ್ಯೂಯಾರ್ಕಿಗೆ ತೆರಳಿದ ಪದವೀಧರನಿಗೆ ಮೊದಲು ಸಿಕ್ಕಿದ್ದು ಆಮದು ಸಂಸ್ಥೆಯೊಂದರಲ್ಲಿ ಪಿಂಗಾಣಿ ಪಾತ್ರೆಗಳಿಗೆ ಕಾಗದ ಸುತ್ತುವ ಕೆಲಸ. ಛಲ ಬಿಡದೆ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಉನ್ನತ ವ್ಯಾಸಂಗಕ್ಕೆ ಸೇರಿದ ಅವರು, ಮುಂದೆ ಎಂಪೈರ್ ಸ್ಟೇಟ್ ಕಟ್ಟಡವನ್ನು ವಿನ್ಯಾಸಗೊಳಿಸಿದ್ದ ಶ್ರೀವ್, ಲ್ಯಾಂಬ್ ಅಂಡ್ ಹಾರ್ಮನ್ ಸಂಸ್ಥೆಯಲ್ಲಿ ಉದ್ಯೋಗ ಪಡೆದರು.

1941ರ ಡಿಸೆಂಬರ್‌ನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆಸಿತು. ಮರುವರ್ಷದಿಂದ ಸುಮಾರು 1.20 ಲಕ್ಷ ಜಪಾನಿ ಮೂಲದವರನ್ನು ಅಮೆರಿಕ ಸರ್ಕಾರ ಬಂಧನ ಶಿಬಿರಗಳಿಗೆ ಅಟ್ಟಿತು. ಅವರಲ್ಲಿ ಬಹುಪಾಲು ಮಂದಿ ಅಮೆರಿಕದ ಪೌರರೇ. ಯಮಸಾಕಿ ತಂದೆ-ತಾಯಿಯನ್ನು ನ್ಯೂಯಾರ್ಕಿನ ತಮ್ಮ ಪುಟ್ಟ ಮನೆಗೆ ಕರೆಸಿಕೊಂಡು ಶಿಬಿರವಾಸದಿಂದ ಪಾರುಮಾಡಿದರು. ಸಂಕಷ್ಟದ ಆ ದಿನಗಳಲ್ಲಿ ಸಂಸ್ಥೆ ಅವರ ಬೆನ್ನಿಗೆ ನಿಂತಿತು.

1945ರಲ್ಲಿ ಡೆಟ್ರಾಯಿಟ್‌ಗೆ ತೆರಳಿ ದೊಡ್ಡ ಹುದ್ದೆಗೇರಿದರೂ ವರ್ಣಭೇದ ತಪ್ಪಲಿಲ್ಲ. ಶ್ರೀಮಂತ ಬಡಾವಣೆಗಳಲ್ಲಿ ಅವರಿಗೆ ಮನೆ ಸಿಗಲಿಲ್ಲ; ಟ್ರಾಯ್ ಎಂಬಲ್ಲಿ ಹಳೆಯ ತೋಟದ ಮನೆಯೊಂದನ್ನು ಕೊಂಡು ನೆಲೆಸಿದರು.

ವೃತ್ತಿಯಲ್ಲಿ ಹಿರಿಮೆಯೊಡನೆ ಹಿನ್ನಡೆಯೂ ಇತ್ತು. 1959ರಲ್ಲಿ ನವದೆಹಲಿಯ ವಿಶ್ವ ಕೃಷಿ ಮೇಳಕ್ಕೆ ಅಮೆರಿಕದ ಮಂಟಪವನ್ನು ರೂಪಿಸಿದವರು ಅವರೇ. ಸೇಂಟ್ ಲೂಯಿಸ್‌ನಲ್ಲಿ ಬಡವರಿಗಾಗಿ ವಿನ್ಯಾಸಗೊಳಿಸಿದ ಪ್ರೂಯಿಟ್-ಐಗೋ ವಸತಿ ಸಮುಚ್ಚಯವನ್ನು ಮಾತ್ರ 1972ರಿಂದ ಕೆಡವಲಾಯಿತು. 1962ರಲ್ಲಿ ಒಪ್ಪಿಸಲಾದ ಅವಳಿ ಗೋಪುರಗಳ ಹೊಣೆ 1973ರಲ್ಲಿ ಲೋಕಾರ್ಪಣೆಯೊಂದಿಗೆ ಸಾರ್ಥಕವಾಯಿತು.

1986ರ ಫೆಬ್ರುವರಿಯಲ್ಲಿ ಯಮಸಾಕಿ ನಿಧನರಾದರು. ವಿದ್ಯೆ ವಲಸಿಗರ ಮಗನನ್ನು ಮುಗಿಲೆತ್ತರಕ್ಕೆ ಒಯ್ದಿತು. ಆದರೆ ನೆರೆಹೊರೆಯವರ ಮನಸ್ಸಿನ ಗೋಡೆಗಳನ್ನು ಕೆಡವಲು ಅದೊಂದೇ ಸಾಲಲಿಲ್ಲ.